ಹಿಂದಿನ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತಾರೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಶ್ವವಿದ್ಯಾಲಯದ ಆಸುಪಾಸಿನ ಬಡಾವಣೆಯಲ್ಲಿ ಕಾರಿಲ್ಲದೆ ಬದುಕುವುದರ ಬಗ್ಗೆ ಪ್ರಶ್ನೆಗಳಿದ್ದರೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಉತ್ತರಿಸುವ ಹೊಣೆ ನನ್ನ ತಲೆಗೆ ಬಂತು. ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕ್ಯಾಂಪಸ್ಸಿನ ಹಿಂಬದಿಯ ಕಾಂಪೌಂಡಿಗೆ ತಾಗಿದ ರಸ್ತೆಯಲ್ಲಿ ವಾಸ. ಲೈಸೆನ್ಸ್ ಇದೆ, ಓಡಿಸಲೂ ಬರುತ್ತದೆ. ಕಾರು ಕೊಳ್ಳುವ ಅಗತ್ಯ ಬೀಳಲಿಲ್ಲ, ಅಷ್ಟೆ. ಪತ್ರಗಳು ಬಹಳ ಬಂದಿವೆ. ಒಂದೇ ಥರದವನ್ನು ಒಟ್ಟುಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ ಉಪನ್ಯಾಸಕಿಯಾಗಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಮನೆ ಮಾಡಬೇಕು. ಒಂದು ಮನೆ ನೋಡಿದ್ದೇವೆ, ಮ್ಯಾಪಿನಲ್ಲಿ ನನ್ನ ವಿಭಾಗದಿಂದ ಬರೀ 600 ಮೀಟರ್ ತೋರಿಸುತ್ತದೆ. ನಡೆದೇ ಹೋಗಬಹುದು ಅಂತ ನಾನು. ‘ಮೊದಲು ಕಾರು ತಗೊಳ್ಳೋಣ, ಆಮೇಲೆ ಮನೆ ಎಲ್ಲಾದರೂ ಆಗುತ್ತೆ’ ಅಂತ ಯಜಮಾನರು. ಯಾರು ಸರಿ?

ಉತ್ತರ: ಮನೆ ಮೊದಲು ನೋಡಮ್ಮಾ. ಕಾರು ಕೊಂಡ ಮೇಲೆ ಹುಡುಕುವ ಮನೆ ಕಾರಿಗೆ ತಕ್ಕ ಮನೆಯಾಗಿರುತ್ತದೆ. ಸ್ವಲ್ಪ ದೂರವಾದರೂ ಪರವಾಗಿಲ್ಲ, ನಿಲ್ಲಿಸಲು ಜಾಗ ಇದ್ದರೆ ಸಾಕು ಅನ್ನಿಸುತ್ತದೆ. ಅಲ್ಲಿಗೆ ಹೋಗಿ ಕೂತ ಮೇಲೆ ಆ ಕಾರನ್ನು ಬಿಡುವ ಹಾಗೇ ಇಲ್ಲ. ಕಾರು ಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಶೋರೂಮಿನಲ್ಲಲ್ಲ, ಬಾಡಿಗೆ ಕರಾರಿಗೆ ಸಹಿ ಹಾಕುವ ದಿನ.

ಆದರೆ ಆ 600 ಮೀಟರನ್ನು ನಾನು ಇನ್ನೂ ನಂಬಿಲ್ಲ. ಮ್ಯಾಪು ಅಳೆದದ್ದು ಯಾವ ಗೇಟಿನಿಂದ? ಕಾಂಪೌಂಡು ಇರುವ ಕ್ಯಾಂಪಸ್ಸಿಗೆ ಸಾಮಾನ್ಯವಾಗಿ ಎದುರಿಗೆ ದೊಡ್ಡ ಗೇಟು, ಪಕ್ಕಕ್ಕೋ ಹಿಂದಕ್ಕೋ ಒಂದೆರಡು ಚಿಕ್ಕ ಗೇಟು. ದೊಡ್ಡದು ಯಾವಾಗಲೂ ತೆರೆದಿರುತ್ತದೆ. ಚಿಕ್ಕದಕ್ಕೆ ಹೊತ್ತುಗೊತ್ತು ಉಂಟು. ಅದು ಮುಚ್ಚಿದ ದಿನ ನಿಮ್ಮ 600 ಮೀಟರು ಕಾಂಪೌಂಡು ಸುತ್ತಿಕೊಂಡು 2 ಕಿಲೋಮೀಟರ್ ಆಗಬಹುದು. ಗಂಟೆಗೆ 5 ಕಿಲೋಮೀಟರಿನ ನಡಿಗೆಯಲ್ಲಿ 7 ನಿಮಿಷದ ದಾರಿ 24 ನಿಮಿಷಕ್ಕೆ ಏರಿತು. ಮನೆ ಮಾಲೀಕರನ್ನು ಕೇಳಬೇಡಿ, ‘ಅಯ್ಯೋ, ಹಿಂದೇನೇ ಗೇಟು’ ಎಂದುಬಿಡುತ್ತಾರೆ. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುವ ಕಾವಲುಗಾರರನ್ನು ಕೇಳಿ. ಸಂಜೆ ಎಷ್ಟು ಹೊತ್ತಿಗೆ ಮುಚ್ಚುತ್ತೀರಿ? ಭಾನುವಾರ ತೆಗೆಯುತ್ತೀರಾ? ರಜೆಯಲ್ಲಿ? ಗಲಾಟೆ ಆದರೆ ಮೊದಲು ಬೀಗ ಬೀಳುವುದು ಯಾವುದಕ್ಕೆ? ಕೊನೆಯ ಪ್ರಶ್ನೆಗೆ ಉತ್ತರ ಎಲ್ಲ ಕಡೆಯೂ ಒಂದೇ ಎಂದು ನನ್ನ ಅನುಮಾನ.

ನಮ್ಮ ಹಿಂದಿನ ಗೇಟಿನದೇ ಹೇಳುತ್ತೇನೆ. ಒಬ್ಬರು ಮಾತ್ರ ನುಸುಳುವಂಥ ತಿರುಗುವ ಕಂಬ, ಅದರ ಪಕ್ಕದಲ್ಲಿ ಒಂದು ಕಿಂಡಿಯಂಥ ಜಾಗ. ಸೈಕಲ್ ತಂದವರು ಮುಂದಿನ ಗಾಲಿಯನ್ನು ಎತ್ತಿ, ಸೈಕಲ್ಲನ್ನು ಹಿಂಗಾಲಿಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಅದನ್ನು ಅಪ್ಪಿಕೊಂಡ ಹಾಗೆ ಓರೆಯಾಗಿ ದಾಟಬೇಕು. ಬೆನ್ನಿಗೆ ಚೀಲ ಇದ್ದರೆ ಮೊದಲು ಅದನ್ನು ಕಳಚಿ ಆಚೆ ಕಡೆಯವರ ಕೈಗೆ ಕೊಡಬೇಕು. ಎಲ್ಲರೂ ಆಸರೆಗೆ ಹಿಡಿಯುವ ಸರಳು ಒಂದೇ. ಅದರ ಬಣ್ಣ ಕಿತ್ತುಹೋಗಿ ಕಬ್ಬಿಣ ಮಿರಿಮಿರಿ ಮಿಂಚುತ್ತದೆ. ಮಗುವಿನ ಗಾಡಿ ತಳ್ಳಿಕೊಂಡು ಬಂದವರಿಗೆ, ಗಾಲಿಕುರ್ಚಿಯವರಿಗೆ ಆ ಗೇಟು ಇದ್ದೂ ಇಲ್ಲದ ಹಾಗೆ. ಇದು ಯಾವ ಮ್ಯಾಪಿನಲ್ಲೂ ಕಾಣುವುದಿಲ್ಲ. ಕತ್ತಲಾದ ಮೇಲೆ ಒಂದು ಸಲ, ಬೆಳಿಗ್ಗೆ ತರಗತಿಗೆ ಹೋಗುವ ಹೊತ್ತಿಗೆ ಒಂದು ಸಲ ಆ ದಾರಿಯನ್ನು ನಡೆದು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ನಡುವೆ ದೊಡ್ಡ ರಸ್ತೆ ದಾಟುವುದಿದ್ದರೆ ದಾಟಲು ಕಾಯುವ ಹೊತ್ತನ್ನೂ ದೂರಕ್ಕೇ ಸೇರಿಸಿಕೊಳ್ಳಿ.

ಇನ್ನು ಬಸ್ಸು. ಎಷ್ಟು ನಂಬರಿನ ಬಸ್ಸು ಬರುತ್ತವೆ ಎಂಬುದಕ್ಕೆ ಮರುಳಾಗಬೇಡಿ, ಎಷ್ಟು ಹೊತ್ತಿಗೊಂದು ಬರುತ್ತದೆ ನೋಡಿ. 10 ನಿಮಿಷಕ್ಕೊಂದು ಬಸ್ಸಿದ್ದರೆ ಗಡಿಯಾರ ನೋಡದೆ ಮನೆ ಬಿಟ್ಟರೂ ಸರಾಸರಿ 5 ನಿಮಿಷ ಕಾಯುತ್ತೀರಿ. ಅರ್ಧ ಗಂಟೆಗೊಂದಾದರೆ ಒಂದೋ ಸರಾಸರಿ 15 ನಿಮಿಷ ಕಾಯುವುದು, ಇಲ್ಲವೇ ಇಡೀ ದಿನವನ್ನು ಬಸ್ಸಿನ ಹೊತ್ತಿಗೆ ಕಟ್ಟಿಹಾಕುವುದು. ಕೊನೆಯ ಬಸ್ಸು ಯಾವಾಗ ಎಂಬುದನ್ನೂ ಕೇಳಿಟ್ಟುಕೊಳ್ಳಿ. ವಿಶ್ವವಿದ್ಯಾಲಯದ ಬಡಾವಣೆಗಳಿಗೇ ಇನ್ನೊಂದು ಕಾಯಿಲೆ ಇದೆ. ತರಗತಿ ನಡೆಯುವಾಗ ಓಡುವ ಬಸ್ಸುಗಳೆಲ್ಲ ರಜೆಯಲ್ಲಿ ಓಡುವುದಿಲ್ಲ. ವಿದ್ಯಾರ್ಥಿಗಳು ಊರಿಗೆ ಹೋದರೆಂದು ಬಸ್ಸು ಕಡಿಮೆ ಮಾಡುತ್ತಾರೆ, ಅಂಗಡಿಯವರು ಬೇಗ ಬಾಗಿಲೆಳೆಯುತ್ತಾರೆ. ಇಲ್ಲೇ ಸಂಸಾರ ಹೂಡಿದ ನಮ್ಮಂಥವರ ನೆನಪು ಯಾರಿಗೂ ಇರುವುದಿಲ್ಲ. ಆದ್ದರಿಂದ ಎರಡೂ ವೇಳಾಪಟ್ಟಿ ಕೇಳಿ.

ಯಜಮಾನರು ‘ಟೈಮ್ ಉಳಿಯುತ್ತೆ’ ಎಂದು ವಾದ ಮಾಡಿದರೆ ಒಂದು ವಿಷಯ ಹೇಳಿ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ, ಯಾಕೋವ್ ಝಹಾವಿ ಎಂಬ ಸಂಶೋಧಕರ ಕೆಲಸವನ್ನು ಮುಂದುವರಿಸಿ, ಕಾಲ ಯಾವುದಾದರೂ ವಾಹನ ಯಾವುದಾದರೂ ಜನ ಓಡಾಟಕ್ಕೆ ದಿನಕ್ಕೆ ಸುಮಾರು ಒಂದು ಗಂಟೆ ಕೊಡುತ್ತಾರೆ ಎಂದು ಬರೆದರು. ವೇಗದ ವಾಹನ ಬಂದರೆ ಆ ಗಂಟೆ ಉಳಿಯುವುದಿಲ್ಲ. ಅದೇ ಗಂಟೆಯಲ್ಲಿ ಇನ್ನಷ್ಟು ದೂರ ಹೋಗಿ ಮನೆ ಮಾಡುತ್ತಾರೆ. ನಿಮ್ಮ ಯಜಮಾನರು ‘ಎಲ್ಲಾದರೂ ಆಗುತ್ತೆ’ ಅಂದದ್ದು ಇದನ್ನೇ.

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಓದುತ್ತಿದ್ದೇನೆ. ರೂಮಿನಿಂದ ಲ್ಯಾಬಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ, ಒಂದೇ ವರ್ಷದಲ್ಲಿ ಎರಡನೇ ಸೈಕಲ್ಲೂ ಕಳುವಾಯಿತು. ತಂತಿ ಬೀಗ ಹಾಕಿದ್ದೆ. ಇನ್ನು ಬೈಕೇ ಗತಿಯಾ?

ಉತ್ತರ: ತಂತಿ ಬೀಗ ಕಳ್ಳರಿಗಲ್ಲ ತಮ್ಮಾ, ಒಳ್ಳೆಯವರಿಗೆ. ಕೈಯಲ್ಲಿ ಹಿಡಿಯುವ ಕಟ್ಟರಿನಿಂದ ಕತ್ತರಿಸಿ ಹೋಗುತ್ತಾರೆ. ಯು ಆಕಾರದ ಗಟ್ಟಿ ಉಕ್ಕಿನ ಬೀಗ ತೆಗೆದುಕೊಳ್ಳಿ, ಭಾರ ಎಂದು ಗೊಣಗಬೇಡಿ. ಅದು ಹಿಂದಿನ ಗಾಲಿ, ಫ್ರೇಮು ಮತ್ತು ನೆಲಕ್ಕೆ ಹೂತ ಕಂಬ, ಮೂರನ್ನೂ ಒಟ್ಟಿಗೆ ಹಿಡಿಯಬೇಕು. ಮುಂದಿನ ಗಾಲಿಗೆ ಮಾತ್ರ ಬೀಗ ಹಾಕಿದರೆ, ಬಂದು ನೋಡುವಾಗ ಮುಂದಿನ ಗಾಲಿ ಮಾತ್ರ ಇರುತ್ತದೆ. ಬೀಗದ ಒಳಗೆ ಖಾಲಿ ಜಾಗ ಕಡಿಮೆ ಇದ್ದಷ್ಟೂ ಒಳ್ಳೆಯದು, ಸಲಾಕೆ ತೂರಿಸಿ ಮೀಟಲು ಆಗುವುದಿಲ್ಲ. ಕಂಬವನ್ನೂ ಒಮ್ಮೆ ಅಲ್ಲಾಡಿಸಿ ನೋಡಿ. ಕಂಬವೇ ಮೇಲಕ್ಕೆ ಕಿತ್ತು ಬರುವಂತಿದ್ದರೆ ಬೀಗದಿಂದ ಏನುಪಯೋಗ?

ಪೆಡಲಿನ ಅಚ್ಚು ಹಾದುಹೋಗುವ ಕಡೆ, ಫ್ರೇಮಿನ ಕೆಳಭಾಗದಲ್ಲಿ ಸಾಮಾನ್ಯವಾಗಿ ಒಂದು ಸಂಖ್ಯೆ ಕೊರೆದಿರುತ್ತಾರೆ. ಸೈಕಲ್ ತಲೆಕೆಳಗು ಮಾಡಿ ಅದರ ಫೋಟೋ ತೆಗೆದಿಡಿ. ದೂರು ಕೊಡುವಾಗ ‘ಕಪ್ಪು ಸೈಕಲ್ಲು’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ರಜೆಗೆ ಊರಿಗೆ ಹೋಗುವಾಗ ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗಬೇಡಿ. ವಾರಗಟ್ಟಲೆ ಧೂಳು ಹಿಡಿದು ನಿಂತ ಸೈಕಲ್ಲನ್ನು ಕದಿಯುವುದು ಸುಲಭ, ಕೆಲವು ಕಡೆ ವಾರಸುದಾರರಿಲ್ಲವೆಂದು ಆಡಳಿತದವರೇ ಎತ್ತಿಸಿಬಿಡುತ್ತಾರೆ. ಇನ್ನು ಮೂರನೆಯ ಸೈಕಲ್ಲು ನೋಡಲು ಸ್ವಲ್ಪ ಮಂಕಾಗಿದ್ದರೆ ನಷ್ಟವಿಲ್ಲ. ಬ್ರೇಕು ಮಾತ್ರ ಹೊಸದಿರಲಿ.

ಪ್ರಶ್ನೆ: ನಾನು ನಿವೃತ್ತ ಇಂಜಿನಿಯರ್. ಕ್ಯಾಂಪಸ್ಸಿನ ಒಳಗೆ ಪಾರ್ಕಿಂಗ್ ಶುಲ್ಕ ಶುರು ಮಾಡಿದ ಮೇಲೆ ವಿದ್ಯಾರ್ಥಿಗಳು, ಅಧ್ಯಾಪಕರು ಎಲ್ಲರೂ ನಮ್ಮ ರಸ್ತೆಯಲ್ಲಿ ಕಾರು ತಂದು ನಿಲ್ಲಿಸುತ್ತಿದ್ದಾರೆ. ನನಗೆ ಕಾರಿಲ್ಲ, ಆದರೂ ನನ್ನ ಮನೆಯ ಗೇಟು ತೆಗೆಯಲು ಆಗುವುದಿಲ್ಲ. ಕ್ಯಾಂಪಸ್ಸಿನಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟಿಸಿ ಎಂದು ಅರ್ಜಿ ಹಾಕುತ್ತಿದ್ದೇವೆ. ಬೆಂಬಲಿಸುವಿರಾ?

ಉತ್ತರ: ತಮ್ಮ ಸಿಟ್ಟಿಗೆ ನನ್ನ ಪೂರ್ತಿ ಬೆಂಬಲ, ಅರ್ಜಿಗೆ ಇಲ್ಲ. ತಾವು ಇಂಜಿನಿಯರು, ಲೆಕ್ಕ ನಿಮಗೇ ಗೊತ್ತು. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದ ಬೇಕು. ಒಳಗೆ ಬಂದು ತಿರುಗಿ ಹೋಗುವ ಓಣಿ, ಇಳಿಜಾರು ಎಲ್ಲ ಸೇರಿದರೆ ಅದರ ಎರಡು ಪಟ್ಟಿಗೂ ಮೇಲೆ. ಅಷ್ಟು ಜಾಗದಲ್ಲಿ ಎಷ್ಟು ಮಕ್ಕಳು ಕೂತು ಓದಬಹುದು ಎಂದು ಗ್ರಂಥಾಲಯದವಳಾದ ನಾನು ಲೆಕ್ಕ ಹಾಕದಿರಲು ಸಾಧ್ಯವೇ? ದಿನಕ್ಕೆ ಒಂದು ಗಂಟೆ ಓಡುವ ಕಾರು ಉಳಿದ 23 ಗಂಟೆ ನಿಂತೇ ಇರುತ್ತದೆ. ಪುಕ್ಕಟೆ ಜಾಗ ಸಿಕ್ಕಷ್ಟೂ ನಿಲ್ಲುವ ಕಾರುಗಳು ಹೆಚ್ಚುತ್ತವೆ. ಕ್ಯಾಂಪಸ್ಸಿನವರು ಶುಲ್ಕ ಹಾಕಿದ್ದು ತಪ್ಪಲ್ಲ. ಒಳಗೆ ಶುಲ್ಕ ಹಾಕಿ, ಆಚೆಯ ರಸ್ತೆಯನ್ನು ಪುಕ್ಕಟೆ ಬಿಟ್ಟದ್ದು ಎಡವಟ್ಟು.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಜೀವಮಾನವೆಲ್ಲ ಇದೊಂದನ್ನೇ ಹೇಳಿದರು. ಪುಕ್ಕಟೆ ಪಾರ್ಕಿಂಗ್ ಎಷ್ಟು ದುಬಾರಿ ಎಂಬುದರ ಬಗ್ಗೆ ಅವರ ದಪ್ಪನೆಯ ಪುಸ್ತಕ 2005ರಲ್ಲಿ ಬಂತು. ಅವರ ಸೂತ್ರ ಸರಳ: ಪ್ರತಿ ರಸ್ತೆಯಲ್ಲಿ ಯಾವಾಗಲೂ ಒಂದೆರಡು ಜಾಗ ಖಾಲಿ ಉಳಿಯುವಷ್ಟು ಶುಲ್ಕ ಇಡಿ, ಬಂದ ಹಣವನ್ನು ಅದೇ ರಸ್ತೆಗೆ ಖರ್ಚು ಮಾಡಿ. ಎರಡನೆಯ ಮಾತಿಗೆ ತೂಕ ಹೆಚ್ಚು. ಅದೇ ರಾಜ್ಯದ ಪಸಡೀನಾ ನಗರದ ಹಳೇಪೇಟೆಯಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರು ಹಾಕುವಾಗ ಮೊದಲು ವಿರೋಧ ಇತ್ತು. ಹಣವೆಲ್ಲ ನಿಮ್ಮ ಪೇಟೆಯ ಫುಟ್‌ಪಾತು, ದೀಪ, ಸ್ವಚ್ಛತೆಗೇ ಎಂದಾಗ ಅಂಗಡಿಯವರು ಒಪ್ಪಿದರು. ಜಪಾನಿನಲ್ಲಿ 1962ರ ಕಾನೂನೊಂದಿದೆ: ಮನೆಯಿಂದ 2 ಕಿಲೋಮೀಟರ್ ಒಳಗೆ ಕಾರು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದೋ ಜಾಗ ಇದೆ ಎಂದು ತೋರಿಸದೆ ಕಾರು ನೋಂದಣಿ ಆಗುವುದಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯ ಇನ್ನೂ ಬಿಗಿ. ಊರ ನಡುವಿನ ಗ್ರೇಟ್ ಸೇಂಟ್ ಮೇರೀಸ್ ಚರ್ಚಿನಿಂದ 10 ಮೈಲಿ ಒಳಗೆ ಅನುಮತಿ ಇಲ್ಲದೆ ವಿದ್ಯಾರ್ಥಿಗಳು ಕಾರು ಇಟ್ಟುಕೊಳ್ಳುವಂತಿಲ್ಲ. ಅಲ್ಲಿನ ಹುಡುಗರು ಸೈಕಲ್ ತುಳಿದೇ ಓದು ಮುಗಿಸಿ ದೊಡ್ಡ ಮನುಷ್ಯರಾಗಿದ್ದಾರೆ.

ಹೀಗಾಗಿ ಅರ್ಜಿಯ ಒಕ್ಕಣೆ ಬದಲಿಸಿ. ‘ಒಳಗೆ ಕಟ್ಟಡ ಕಟ್ಟಿ’ ಎನ್ನುವ ಬದಲು ‘ನಮ್ಮ ರಸ್ತೆಗೂ ಶುಲ್ಕ ಹಾಕಿ, ಹಣದಲ್ಲಿ ನಮ್ಮ ಫುಟ್‌ಪಾತು ರಿಪೇರಿ ಮಾಡಿ’ ಎನ್ನಿ. ಮನೆ ಗೇಟಿಗೆ ಅಡ್ಡ ನಿಲ್ಲಿಸಿದವರ ವಿಷಯ ಬೇರೆ. ಅದು ಪಾರ್ಕಿಂಗ್ ಸಮಸ್ಯೆಯಲ್ಲ, ನಡವಳಿಕೆಯದು. ಫೋಟೋ ತೆಗೆದು ಸಂಚಾರ ಪೊಲೀಸರಿಗೆ ಕಳಿಸಿ.

ಪ್ರಶ್ನೆ: ನೆಂಟರು ಬಂದಾಗಲೆಲ್ಲ ‘ಇಬ್ಬರೂ ದುಡೀತೀರಿ, ಇನ್ನೂ ಒಂದು ಕಾರು ತಗೊಂಡಿಲ್ವಾ?’ ಅಂತ ಕೇಳುತ್ತಾರೆ. ಏನು ಹೇಳುವುದು?

ಉತ್ತರ: ‘ತಗೊಂಡಿಲ್ಲ’ ಎಂದು ಹೇಳಿ, ಹೋಗುವಾಗ ಅವರನ್ನು ಬಸ್‌ಸ್ಟಾಪಿನವರೆಗೆ ಬಿಟ್ಟು ಬನ್ನಿ. ಕಾರಿನಲ್ಲಿ ಬಂದ ನೆಂಟರಾದರೆ ಎಲ್ಲಿ ನಿಲ್ಲಿಸಿದಿರಿ ಎಂದು ವಿಚಾರಿಸಿ. ಮಾತು ತಾನಾಗಿಯೇ ಆ ಕಡೆ ತಿರುಗುತ್ತದೆ.

ಪ್ರಶ್ನೆ: ಅತ್ತೆಗೆ ಎಪ್ಪತ್ತೆಂಟು, ಹೃದಯದ ತೊಂದರೆ ಇದೆ. ಮಗಳಿಗೆ ನಾಲ್ಕು ವರ್ಷ. ಹಗಲಲ್ಲಿ ಎಲ್ಲ ನಡೆಯುತ್ತದೆ, ಎಲ್ಲವೂ ಹತ್ತಿರದಲ್ಲೇ ಇದೆ. ಆದರೆ ನಡುರಾತ್ರಿ ಏನಾದರೂ ಆದರೆ? ಆ ಒಂದು ಭಯಕ್ಕೆ ಕಾರು ಕೊಳ್ಳೋಣ ಅನ್ನಿಸುತ್ತಿದೆ ಅಕ್ಕಾ.

ಉತ್ತರ: ಈ ಭಯಕ್ಕೆ ನಾನು ನಗುವುದಿಲ್ಲ. ನಮ್ಮ ತಾಯಿ ಕೊನೆಯ ವರ್ಷಗಳಲ್ಲಿ ನನ್ನ ಜೊತೆಯೇ ಇದ್ದರು. ಆದರೆ ಯೋಚನೆ ಮಾಡಿ: ಎದೆನೋವು ಎಂದು ಅತ್ತೆ ಕೂಗಿದಾಗ ನಿಮಗೆ ಬೇಕಾದದ್ದು ಕಾರಲ್ಲ, ಆಂಬುಲೆನ್ಸ್. ಅದರಲ್ಲಿ ಆಮ್ಲಜನಕ ಇರುತ್ತದೆ, ತರಬೇತಾದವರು ಇರುತ್ತಾರೆ. ಕಾರಿದ್ದರೆ ಕೈ ನಡುಗುತ್ತಾ ಸ್ಟೀರಿಂಗ್ ಹಿಡಿದ ಯಜಮಾನರು ಮುಂದೆ, ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಒರಗಿಸಿಕೊಂಡ ನೀವು, ಮನೆಯಲ್ಲಿ ಮಗುವಿಗೆ ಯಾರೂ ಇಲ್ಲ. ಆದ್ದರಿಂದ ತಯಾರಿ ಬೇರೆ ರೀತಿ ಇರಲಿ. ಬಾಗಿಲ ಒಳಬದಿಗೆ ಒಂದು ಕಾಗದ ಅಂಟಿಸಿ. ಅದರಲ್ಲಿ ಆಂಬುಲೆನ್ಸ್ ನಂಬರು, ನಿಮ್ಮದೇ ವಿಳಾಸ, ದಾರಿಯ ಗುರುತು, ಅತ್ತೆ ತೆಗೆದುಕೊಳ್ಳುವ ಮಾತ್ರೆಗಳ ಹೆಸರು. ಗಾಬರಿಯಲ್ಲಿ ಸ್ವಂತ ಮನೆ ನಂಬರೂ ಬಾಯಿಗೆ ಬರುವುದಿಲ್ಲ. ನಡುರಾತ್ರಿ ಮಗುವನ್ನು ನೋಡಿಕೊಳ್ಳುವವರು ಯಾರೆಂದು ಇವತ್ತೇ ಪಕ್ಕದ ಮನೆಯವರ ಜೊತೆ ಮಾತಾಡಿಕೊಳ್ಳಿ. ರಾತ್ರಿ ಓಡಿಸುವ ಟ್ಯಾಕ್ಸಿಯವರ ನಂಬರು ಒಂದಲ್ಲ, ಎರಡು ಮೂರು ಇರಲಿ. ಕ್ಯಾಂಪಸ್ಸಿನಲ್ಲಿ ಆರೋಗ್ಯ ಕೇಂದ್ರ ಇದ್ದರೆ ಹೊರಗಿನವರನ್ನು ನೋಡುತ್ತಾರಾ, ಎಷ್ಟು ಹೊತ್ತಿನವರೆಗೆ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ನಮ್ಮ ತಾಯಿಯ ತಪಾಸಣೆಗೆ ನಾನು ಯಾವಾಗಲೂ ಗೊತ್ತಿದ್ದ ಒಬ್ಬರೇ ಡ್ರೈವರನ್ನು ಕರೆಯುತ್ತಿದ್ದೆ. ಅವರಿಗೆ ಯಾವ ಬಾಗಿಲಿನ ಮುಂದೆ ನಿಲ್ಲಿಸಬೇಕು, ಅಮ್ಮನ ಯಾವ ಕಾಲು ಮೊದಲು ಇಳಿಯುತ್ತದೆ ಎಲ್ಲ ಗೊತ್ತಿತ್ತು.

ಆಗೊಮ್ಮೆ ಈಗೊಮ್ಮೆ ಕಾರು ಬೇಕೇ ಆದರೆ ನಾಲ್ಕು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳುವುದೂ ಉಂಟು. ಸ್ವಿಟ್ಜರ್ಲೆಂಡಿನಲ್ಲಿ 1987ರಲ್ಲಿ ಹೀಗೆ ಕಾರು ಹಂಚಿಕೊಳ್ಳಲು ಎರಡು ಚಿಕ್ಕ ಸಹಕಾರ ಸಂಘಗಳು ಹುಟ್ಟಿದವು, 1997ರಲ್ಲಿ ಒಂದಾಗಿ ದೇಶಕ್ಕೆಲ್ಲ ಹರಡಿದವು. ನಾಲ್ಕು ಮನೆಯವರು ಮಾಡುವುದಾದರೆ ವಿಮೆ ಯಾರ ಹೆಸರಲ್ಲಿ, ಗೀರು ಬಿದ್ದರೆ ಯಾರು ಕೊಡಬೇಕು ಎಂಬುದನ್ನು ಬರೆದೇ ಇಡಿ. ಸ್ನೇಹ ಮುರಿಯುವುದು ಗೀರಿನಲ್ಲೇ.

ಪ್ರಶ್ನೆ: ನಾವು ವಿದ್ಯಾರ್ಥಿ ಸಂಘದವರು. ಎಲ್ಲ ವಿದ್ಯಾರ್ಥಿಗಳಿಗೂ ಬಸ್ ಪಾಸ್ ಕೊಡಿಸಬೇಕೆಂದು ಆಡಳಿತಕ್ಕೆ ಕೇಳಿದರೆ ‘ಬಸ್ಸಲ್ಲಿ ಹೋಗದವರು ಯಾಕೆ ದುಡ್ಡು ಕೊಡಬೇಕು’ ಎನ್ನುತ್ತಾರೆ. ಹೇಗೆ ಉತ್ತರಿಸುವುದು?

ಉತ್ತರ: ‘ಕ್ರಿಕೆಟ್ ಆಡದವರೂ ಕ್ರೀಡಾ ಶುಲ್ಕ ಕಟ್ಟುತ್ತಾರೆ’ ಎನ್ನಿ, ಇದು ತಮಾಷೆಯಲ್ಲ. ಎಲ್ಲರೂ ಚೂರುಚೂರು ಕಟ್ಟಿದಾಗ ತಲೆಗೆ ಬೀಳುವ ಮೊತ್ತ ಬಿಡಿ ಪಾಸಿಗಿಂತ ಬಹಳ ಕಡಿಮೆ, ಯಾಕೆಂದರೆ ಎಲ್ಲರೂ ದಿನವೂ ಬಸ್ಸು ಹತ್ತುವುದಿಲ್ಲ. ಬಸ್ಸಿನವರಿಗೂ ನಿಶ್ಚಿತ ಹಣ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ ಯು-ಪಾಸ್ ಎಂಬ ಬಸ್ ಪಾಸು ಶುರು ಮಾಡಿದ್ದು 1991ರಲ್ಲಿ. ಮೇಲೆ ಹೇಳಿದ ಶೂಪ್ ಅವರ ವಿಶ್ವವಿದ್ಯಾಲಯದಲ್ಲಿ 2000ದಲ್ಲಿ ಬ್ರೂಯಿನ್‌ಗೋ ಎಂಬ ಯೋಜನೆ ಬಂತು. ವಿಶ್ವವಿದ್ಯಾಲಯದ ಗುರುತಿನ ಚೀಟಿ ತೋರಿಸಿದರೆ ಪಕ್ಕದ ಸಾಂಟಾ ಮೋನಿಕಾ ನಗರದ ನೀಲಿ ಬಸ್ಸುಗಳಲ್ಲಿ ಆಗ ಟಿಕೆಟ್ ಬೇಕಿರಲಿಲ್ಲ. ಮೊದಲ ವರ್ಷದಲ್ಲೇ ಬಸ್ಸಿನಲ್ಲಿ ಕ್ಯಾಂಪಸ್ಸಿಗೆ ಬರುವುದು ಶೇ. 50ಕ್ಕೂ ಹೆಚ್ಚು ಏರಿತು, ಒಬ್ಬೊಬ್ಬರೇ ಕಾರಿನಲ್ಲಿ ಬರುವುದು ಶೇ. 20ರಷ್ಟು ಇಳಿಯಿತು ಎಂದು ಶೂಪ್ ಮತ್ತು ಅವರ ಸಂಗಡಿಗರು ಲೆಕ್ಕ ಕೊಟ್ಟರು. ಆಡಳಿತದವರಿಗೆ ಈ ಎರಡನೆಯ ಅಂಕಿಯನ್ನು ಮೊದಲು ತೋರಿಸಿ. ಹೊಸ ಪಾರ್ಕಿಂಗ್ ಕಟ್ಟುವ ಖರ್ಚು ಉಳಿಯುತ್ತದೆ ಎಂಬುದು ಹಣಕಾಸು ಅಧಿಕಾರಿಗೆ ಬೇಗ ಅರ್ಥವಾಗುವ ಮಾತು.

ಕೇಳುವಾಗ ಜೊತೆಗೆ ಎರಡು ಷರತ್ತು ಸೇರಿಸಿ. ಒಂದು, ಪಾಸು ಗುತ್ತಿಗೆ ಸಿಬ್ಬಂದಿಗೂ ಇರಲಿ, ಕಸ ಗುಡಿಸುವವರು ಮೊದಲ ಬಸ್ಸಿಗೆ ಬಂದು ನೀವು ಏಳುವ ಮೊದಲೇ ಕೆಲಸ ಶುರು ಮಾಡುತ್ತಾರೆ. ಇನ್ನೊಂದು, ಗ್ರಂಥಾಲಯ ಮುಚ್ಚಿದ ಮೇಲೆ ಒಂದು ಬಸ್ಸು ಇರಲೇಬೇಕು. ಕೊನೆಯ ಬಸ್ಸು ತಪ್ಪೀತೆಂದು ಪುಸ್ತಕ ಅರ್ಧಕ್ಕೇ ಮಡಚಿ ಓಡುತ್ತಿದ್ದ ಹುಡುಗಿಯರನ್ನು ನಾನು ಕೌಂಟರಿನ ಹಿಂದಿನಿಂದ ಬಹಳ ನೋಡಿದ್ದೇನೆ. ಹುಡುಗರು ನಡೆದು ಹೋಗುತ್ತಿದ್ದರು.

ಪ್ರಶ್ನೆ: ಕಾರು ಬೇಡ ಬೇಡ ಎನ್ನುತ್ತೀರಲ್ಲ, ಯಾರಿಗಾದರೂ ಕೊಳ್ಳಿ ಎಂದು ಹೇಳಿದ್ದುಂಟಾ?

ಉತ್ತರ: ಉಂಟು. ನಡೆಯಲು ಆಗದವರಿಗೆ, ಫುಟ್‌ಪಾತೇ ಇಲ್ಲದ ಊರಿನಲ್ಲಿ ಗಾಲಿಕುರ್ಚಿ ಬಳಸುವವರಿಗೆ ಎರಡು ಮಾತಿಲ್ಲದೆ ಹೇಳಿದ್ದೇನೆ. ಬಸ್ಸು ನಿಂತ ಮೇಲೆ ಪಾಳಿ ಮುಗಿಯುವವರಿಗೂ ಹೇಳಿದ್ದೇನೆ. ಗಂಡ ಹೆಂಡತಿ ಕೆಲಸ ಊರಿನ ಎರಡು ತುದಿಯಲ್ಲಿದ್ದು, ಮಕ್ಕಳ ಶಾಲೆ ಮೂರನೆಯ ತುದಿಯಲ್ಲಿದ್ದರೆ ಮನೆ ಎಲ್ಲಿ ಮಾಡಿದರೂ ಒಬ್ಬರಿಗೆ ದೂರವೇ. ಅಂಥವರಿಗೆ ನನ್ನ ಹಿಂದಿನ ಗೇಟಿನ ಪುರಾಣ ಕಟ್ಟಿಕೊಂಡು ಏನಾಗಬೇಕು?

ಅಂಥವರೂ ಪೆಟ್ರೋಲಿನ ಲೆಕ್ಕ ಮಾತ್ರ ಹಾಕಬೇಡಿ. ಕಂತು, ವಿಮೆ, ಸರ್ವೀಸು, ಟಯರು, ನಿಲ್ಲಿಸುವ ಜಾಗದ ಬಾಡಿಗೆ, ವರ್ಷ ವರ್ಷ ಇಳಿಯುವ ಕಾರಿನ ಬೆಲೆ ಎಲ್ಲ ಕೂಡಿಸಿ 12ರಿಂದ ಭಾಗಿಸಿ. ಅಷ್ಟು ಹಣಕ್ಕೆ ತಿಂಗಳಿಗೆ ಎಷ್ಟು ಟ್ಯಾಕ್ಸಿ ಬರುತ್ತದೆ ನೋಡಿ. ಟ್ಯಾಕ್ಸಿಯೇ ದುಬಾರಿ ಎಂದು ಬಂದರೆ ಒಂದು ತಿಂಗಳ ಮಟ್ಟಿಗೆ ಕಾರನ್ನು ಬಾಡಿಗೆಗೆ ತಂದು ಮನೆ ಮುಂದೆ ನಿಲ್ಲಿಸಿಕೊಳ್ಳಿ. ತರಗತಿ ನಡೆಯುವ ತಿಂಗಳಲ್ಲೇ ತನ್ನಿ, ರಜೆಯಲ್ಲಿ ನಮ್ಮ ಬಡಾವಣೆಯ ರಸ್ತೆಗಳೆಲ್ಲ ಖಾಲಿ ಇರುತ್ತವೆ.